ಗಾಳಿಯ ಹಿಂದೆ ಅಡಗಿದ ಕಲ್ಲು

ಬಲಪಕ್ಕೆಯ ಕೆಳಗೆ ನೋವು ಎಂದು ಹೋದರೆ ವೈದ್ಯರು ಮೊದಲು ಬರೆದುಕೊಡುವುದು ಹೊಟ್ಟೆಯ ಸ್ಕ್ಯಾನಿಂಗ್. ಪಿತ್ತಕೋಶದಲ್ಲಿರುವ ಕಲ್ಲು ಅದರ ಕಣ್ಣಿಗೆ ಬೀಳದಿರುವುದು ಅಪರೂಪ. ಅದೇ ಕಲ್ಲು ಜಾರಿ ಪಿತ್ತನಾಳಕ್ಕಿಳಿದರೆ ಕಷ್ಟ. ನಾಳದ ಕೆಳತುದಿ ಇರುವುದು ಸಣ್ಣ ಕರುಳಿನ ಮೊದಲ ತುಂಡಾದ ಡ್ಯುಯೊಡಿನಮ್ಮಿನ ಹಿಂದೆ. ಕರುಳಲ್ಲಿ ತುಂಬಿದ ಗಾಳಿ ಶಬ್ದತರಂಗವನ್ನು ಮುಂದೆ ಬಿಡುವುದಿಲ್ಲ. ಕಣ್ಣು ಹಳದಿ, ರಕ್ತದಲ್ಲಿ ಆ ಹಳದಿ ತರುವ ಬಿಲಿರುಬಿನ್ ಏರಿದೆ, ವರದಿಯಲ್ಲಿ ಮಾತ್ರ ಕಲ್ಲಿಲ್ಲ ಎಂಬ ಗೊಂದಲ ಹುಟ್ಟುವುದು ಇಲ್ಲೇ.

ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಅಂದರೆ ಆಸ್ಪತ್ರೆಯವರ ಬಾಯಲ್ಲಿ ‘ಇಯುಎಸ್’, ಅದೇ ಸ್ಕ್ಯಾನಿಂಗನ್ನು ಒಳಗಿನಿಂದ ಮಾಡುತ್ತದೆ. ತುದಿಯಲ್ಲಿ ಪುಟ್ಟ ಪ್ರೋಬ್ ಇರುವ ಕೊಳವೆಯನ್ನು ಬಾಯಿಯಿಂದ ಡ್ಯುಯೊಡಿನಮ್ಮಿಗೆ ಇಳಿಸಿ, ಅಲ್ಲಿನ ಗಾಳಿಯನ್ನು ಹೀರಿ, ತುದಿಯನ್ನು ಗೋಡೆಗೆ ತಾಗಿಸುತ್ತಾರೆ. ನಾಳ ಗೋಡೆಯಾಚೆಗೇ ಇದೆ. ತರಂಗ ಹೆಚ್ಚು ದೂರ ಹೋಗಬೇಕಿಲ್ಲವಾದ್ದರಿಂದ ಆವರ್ತನವನ್ನು ಏರಿಸಬಹುದು. ಹೊಟ್ಟೆಯ ಮೇಲಿನ ಸ್ಕ್ಯಾನಿಂಗಿಗೆ ಸುಮಾರು 2ರಿಂದ 5 ಮೆಗಾಹರ್ಟ್ಸ್ ಆದರೆ, ಇಲ್ಲಿ 5ರಿಂದ 12ರವರೆಗೂ ಹೋಗುತ್ತದೆ. ಎಂಆರ್‌ಐ ಯಂತ್ರದಲ್ಲಿ ಪಿತ್ತನಾಳ ನೋಡುವ ಎಂಆರ್‌ಸಿಪಿ ಸ್ಕ್ಯಾನ್ ಕೂಡ ಬಿಟ್ಟುಬಿಡಬಹುದಾದ 2–3 ಮಿಲಿಮೀಟರ್ ಕಲ್ಲು, ಪಿತ್ತಕೋಶದ ತಳದಲ್ಲಿ ನಿಂತ ಕೆಸರು, ಗೋಡೆಯ ಪದರಗಳು, ಪಾಲಿಪ್‌ಗಳು ಇದಕ್ಕೆ ಕಾಣುತ್ತವೆ. ಗಡ್ಡೆಯ ಅನುಮಾನವಿದ್ದರೆ ಅದೇ ಕೊಳವೆಯ ಮೂಲಕ ಸೂಜಿ ಹಾಯಿಸಿ ಮಾದರಿ ತೆಗೆಯಬಹುದು.

ಆದರೆ ಇದರ ದೊಡ್ಡ ಉಪಕಾರ, ನನ್ನ ಲೆಕ್ಕದಲ್ಲಿ, ಬೇಡದ ಇಆರ್‌ಸಿಪಿಯನ್ನು ತಪ್ಪಿಸುವುದು. ಇಆರ್‌ಸಿಪಿಯಲ್ಲಿ ನಾಳದೊಳಕ್ಕೇ ಹೋಗಿ ಕಲ್ಲು ತೆಗೆಯುತ್ತಾರೆ. ಅದರಿಂದ ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಕಲ್ಲಿದೆಯೋ ಇಲ್ಲವೋ ನೋಡುವುದಕ್ಕಷ್ಟೇ ಆ ಅಪಾಯ ಏಕೆ? ಇಯುಎಸ್‌ನಲ್ಲಿ ನಾಳ ಸ್ವಚ್ಛವಾಗಿ ಕಂಡರೆ ಅಲ್ಲಿಗೇ ನಿಲ್ಲಿಸಬಹುದು. ಕಲ್ಲಿದ್ದರೆ ಹಲವು ಕಡೆ ಅದೇ ಮಂಪರಿನಲ್ಲೇ ತೆಗೆದುಬಿಡುತ್ತಾರೆ.

ಎಲ್ಲರಿಗೂ ಇದು ಬೇಕಿಲ್ಲ. ಸಾದಾ ಸ್ಕ್ಯಾನಿಂಗಿನಲ್ಲೇ ನಾಳದ ಕಲ್ಲು ಕಂಡಿದ್ದರೆ, ಅಥವಾ ಕಾಮಾಲೆಯೊಂದಿಗೆ ಚಳಿಜ್ವರ ಬಂದು ನಾಳದ ಸೋಂಕು ಖಚಿತವಾಗಿದ್ದರೆ, ಸಾಮಾನ್ಯವಾಗಿ ನೇರ ಇಆರ್‌ಸಿಪಿಯೇ. ಪಿತ್ತಕೋಶದಲ್ಲಿ ಕಲ್ಲಿದ್ದು, ಯಾವ ತೊಂದರೆಯೂ ಇಲ್ಲದೆ, ರಕ್ತಪರೀಕ್ಷೆ ಸರಿಯಿದ್ದು ನಾಳ ಹಿಗ್ಗಿಲ್ಲದಿದ್ದರೂ ಇಯುಎಸ್‌ನ ಗೋಜು ಬೇಡ. ಜಠರದ ಬೈಪಾಸ್ ಆದವರಲ್ಲಿ ಕೊಳವೆ ಜಾಗ ತಲುಪುವುದೇ ಕಷ್ಟ. ಅದನ್ನು ಮೊದಲೇ ಹೇಳಿ.

ಪರೀಕ್ಷೆಗೆ ಮೊದಲು ಆರೆಂಟು ಗಂಟೆ ಊಟ ಬಿಡಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಇನ್ಸುಲಿನ್ ಬಗ್ಗೆ ವೈದ್ಯರನ್ನು ಕೇಳಿ, ನೀವೇ ನಿಲ್ಲಿಸಬೇಡಿ. ಮಂಪರು ಕೊಡುವುದರಿಂದ ಜೊತೆಗೊಬ್ಬರು ಇರಲಿ, ಆ ದಿನ ಗಾಡಿ ಓಡಿಸಬೇಡಿ. ಗಂಟಲ ಉರಿ ಒಂದೆರಡು ದಿನಕ್ಕೆ ಇಳಿಯುತ್ತದೆ. ಹೊಟ್ಟೆನೋವು ಏರುತ್ತಾ ಹೋದರೆ, ಜ್ವರ ಬಂದರೆ, ಮಲ ಕಪ್ಪಗಾದರೆ ಕಾಯದೆ ಆಸ್ಪತ್ರೆಗೆ ಹೋಗಿ.