ವಿದೇಶ ಪ್ರಯಾಣಕ್ಕೆ ಮುನ್ನ ಆಯಾ ದೇಶದ ಕಾನೂನು ತಿಳಿಯುವುದು: ಕೊಲ್ಲಿ ರಾಷ್ಟ್ರಗಳಿಗೆ ತೆರಳುವವರಿಗೆ ಮಾಹಿತಿ

ಕರ್ನಾಟಕದಿಂದ, ವಿಶೇಷವಾಗಿ ಕರಾವಳಿ ಜಿಲ್ಲೆಗಳಿಂದ, ಉದ್ಯೋಗಕ್ಕಾಗಿ ಅಥವಾ ಅಲ್ಲಿ ನೆಲೆಸಿರುವ ಮಕ್ಕಳನ್ನು ಕಾಣುವ ಸಲುವಾಗಿ ಕೊಲ್ಲಿ ರಾಷ್ಟ್ರಗಳಿಗೆ ತೆರಳುವವರು ಅನೇಕರು. ಪಾಸ್‌ಪೋರ್ಟ್, ವೀಸಾಗಳ ಬಗ್ಗೆ ವಹಿಸುವಷ್ಟು ಎಚ್ಚರವನ್ನು ಪೆಟ್ಟಿಗೆಯಲ್ಲಿ ತುಂಬುವ ವಸ್ತುಗಳ ಬಗ್ಗೆ ವಹಿಸುವವರು ಮಾತ್ರ ವಿರಳ. ವಿದೇಶದ ನೆಲವನ್ನು ಪ್ರವೇಶಿಸಿದ ಕ್ಷಣದಿಂದ ಪ್ರಯಾಣಿಕರು ಆ ದೇಶದ ಕಾನೂನಿಗೆ ಒಳಪಡುತ್ತಾರೆ. ತಮ್ಮ ದೇಶದಲ್ಲಿ ಅದು ಅಪರಾಧವಲ್ಲವೆಂಬ ವಿವರಣೆಯಿಂದ ಅಲ್ಲಿನ ಮೊಕದ್ದಮೆ ತಪ್ಪುವುದಿಲ್ಲ.

ಗಸಗಸೆಯು ಇದಕ್ಕೆ ಸ್ಪಷ್ಟ ನಿದರ್ಶನ. ಹಬ್ಬದ ಪಾಯಸಕ್ಕೂ ಸಾಗುವಿಗೂ ನಾವು ಬಳಸುವ ಗಸಗಸೆ ಅಫೀಮು ಗಿಡದ ಬೀಜ. ಭಾರತದ 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯು ಕೊಯ್ಲಿನ ನಂತರದ ಅಫೀಮು ಗಿಡದ ಇತರ ಭಾಗಗಳನ್ನು ನಿಯಂತ್ರಣಕ್ಕೆ ಒಳಪಡಿಸಿ, ಬೀಜವನ್ನು ಮಾತ್ರ ಹೊರತುಪಡಿಸಿದೆ. ಆದುದರಿಂದಲೇ ಅದು ನಮ್ಮಲ್ಲಿ ದಿನಸಿ ಅಂಗಡಿಗಳಲ್ಲಿ ದೊರೆಯುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸೌದಿ ಅರೇಬಿಯಾಗಳಲ್ಲಿ ಇದೇ ಬೀಜವನ್ನು ತರುವುದು ನಿಷಿದ್ಧ. ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಅಲ್ಪವಾದರೂ ಕಾಯಿಯ ಹಾಲಿನ ಅಂಶ ಅದಕ್ಕೆ ಅಂಟಿರುವುದುಂಟು. ಅಡುಗೆಗೆಂದು ತಂದ ಒಂದು ಹಿಡಿಯೂ ನಿಷೇಧದ ವ್ಯಾಪ್ತಿಗೆ ಬರುತ್ತದೆ. ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಯಲ್ಲಿ ಗಸಗಸೆ ಸೇರಿದ್ದರೆ ಅದನ್ನೂ ಒಯ್ಯಬಾರದು.

ಔಷಧಗಳ ವಿಷಯವೂ ಹೀಗೆಯೇ. ಕೊಡೀನ್ ಇರುವ ಕೆಮ್ಮಿನ ಔಷಧ, ನೋವಿಗೆ ನೀಡುವ ಟ್ರಮಡಾಲ್, ನರನೋವಿನ ಪ್ರಿಗ್ಯಾಬಲಿನ್, ಆತಂಕ ಶಮನಕ್ಕೆ ನೀಡುವ ಡಯಾಜೆಪಾಮ್ ಇವೆಲ್ಲವೂ ಎಮಿರೇಟ್ಸ್‌ನಲ್ಲಿ ನಿಯಂತ್ರಿತ ಔಷಧಗಳು. ಇವುಗಳನ್ನು ಒಯ್ಯಬೇಕಾದವರು ಅಲ್ಲಿನ ಸಂಬಂಧಪಟ್ಟ ಸರ್ಕಾರಿ ಪ್ರಾಧಿಕಾರದಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು. ವೈದ್ಯರ ಚೀಟಿಯನ್ನೂ ಜೊತೆಗಿರಿಸಿಕೊಳ್ಳಬೇಕು, ಆದರೆ ಕೇವಲ ಚೀಟಿಯು ಅನುಮತಿಗೆ ಸಮನಲ್ಲ. ಮಾತ್ರೆಗಳನ್ನು ಮೂಲ ಪಟ್ಟಿಯಿಂದ ಬಿಡಿಸಿ ಡಬ್ಬಿಯಲ್ಲಿ ತುಂಬುವ ನಮ್ಮ ರೂಢಿ ಇಲ್ಲಿ ತೊಂದರೆಗೆ ದಾರಿಯಾಗುತ್ತದೆ.

ಊರಿನವರು ನೀಡುವ ಪೊಟ್ಟಣಗಳನ್ನು ನಿರಾಕರಿಸುವುದು ಕಷ್ಟವೇ ಸರಿ. ಆದರೆ ಪೆಟ್ಟಿಗೆಯಲ್ಲಿ ದೊರೆತ ವಸ್ತುವಿಗೆ ಉತ್ತರ ಹೇಳಬೇಕಾದವರು ಅದನ್ನು ಹೊತ್ತವರು. ಬಿಚ್ಚಿ ನೋಡಲು ಒಪ್ಪದವರ ಪೊಟ್ಟಣವನ್ನು, ಅವರು ಎಷ್ಟೇ ಆಪ್ತರಾಗಿದ್ದರೂ, ಸ್ವೀಕರಿಸಬಾರದು.

ನಡವಳಿಕೆಗೆ ಸಂಬಂಧಿಸಿದ ನಿಯಮಗಳೂ ಉಂಟು. ಅನುಮತಿಯಿಲ್ಲದೆ ಪರರ ಛಾಯಾಚಿತ್ರ ತೆಗೆಯುವುದು ಹಾಗೂ ಮೊಬೈಲ್ ಸಂದೇಶದಲ್ಲಿ ನಿಂದಿಸುವುದು ಎಮಿರೇಟ್ಸ್‌ನಲ್ಲಿ ಶಿಕ್ಷಾರ್ಹ. ರಂಜಾನ್ ಮಾಸದ ಉಪವಾಸದ ವೇಳೆ ಸಾರ್ವಜನಿಕ ಸ್ಥಳದಲ್ಲಿ ಆಹಾರ ಸೇವಿಸುವುದು ಕುವೈತ್‌ನಲ್ಲಿ ಅಪರಾಧ.

ಬಂಧನಕ್ಕೊಳಗಾದಲ್ಲಿ ಭಾರತೀಯ ರಾಯಭಾರ ಕಚೇರಿಗೆ ತಿಳಿಸುವಂತೆ ಕೋರುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯನ್ವಯ ಇರುತ್ತದೆ. ಅರೇಬಿಕ್ ಭಾಷೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಅನುವಾದಕರನ್ನು ಕೇಳಬೇಕು. ರಾಯಭಾರ ಕಚೇರಿಯ ಅಧಿಕಾರಿಗಳು ಬಂಧಿತರನ್ನು ಭೇಟಿ ಮಾಡಬಹುದು, ಕುಟುಂಬಕ್ಕೆ ತಿಳಿಸಬಹುದು, ವಕೀಲರ ವಿವರ ಒದಗಿಸಬಹುದು. ಅವರನ್ನು ಬಿಡಿಸಿ ತರುವ ಅಧಿಕಾರ ಅವರಿಗಿಲ್ಲ. ಈ ವಿಷಯದಲ್ಲಿ ಅನೇಕ ಕುಟುಂಬಗಳ ನಿರೀಕ್ಷೆ ವಾಸ್ತವಕ್ಕಿಂತ ಹೆಚ್ಚಿರುತ್ತದೆ. ಭಾರತ ಮತ್ತು ಎಮಿರೇಟ್ಸ್ ನಡುವೆ 2011ರಲ್ಲಿ ಆದ ಕೈದಿಗಳ ವರ್ಗಾವಣೆ ಒಪ್ಪಂದದನ್ವಯ ಉಳಿದ ಶಿಕ್ಷೆಯನ್ನು ಸ್ವದೇಶದಲ್ಲಿ ಅನುಭವಿಸಲು ಅವಕಾಶವಿದ್ದರೂ, ಅದು ಶಿಕ್ಷೆ ವಿಧಿಸಿದ ನಂತರದ ಮಾತು. ಅದಕ್ಕೆ ಎರಡೂ ಸರ್ಕಾರಗಳ ಒಪ್ಪಿಗೆಯೂ ಬೇಕು.

ನಿಷೇಧಿತ ವಸ್ತುಗಳ ಪಟ್ಟಿಯು ಕಾಲಕಾಲಕ್ಕೆ ಬದಲಾಗುವುದರಿಂದ, ಅಬುಧಾಬಿಯ ಭಾರತೀಯ ರಾಯಭಾರ ಕಚೇರಿ, ದುಬೈನ ಕಾನ್ಸುಲೇಟ್ ಕಚೇರಿ ಹಾಗೂ ಆಯಾ ದೇಶದ ಸುಂಕ ಇಲಾಖೆಯ ಜಾಲತಾಣಗಳನ್ನು ಪೆಟ್ಟಿಗೆ ಕಟ್ಟುವ ಮೊದಲೇ ಪರಿಶೀಲಿಸಲು ಕೋರಲಾಗಿದೆ.