ತೋಟದಲ್ಲಿ ನಾಯಿ ಕಟ್ಟೋದು ಹೇಗೆ? ಮರಕ್ಕೆ ಸರಪಳಿ ಬೇಡ, ಓಡುತಂತಿ ಹಾಕಿ

ಮೂರು ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳು, ಸಂತೆ ದಿನ. ಹೀರೆಕಾಯಿ, ಬೀನ್ಸ್ ತುಂಬಿಕೊಂಡು ಬೆಳಿಗ್ಗೆ ಆರಕ್ಕೇ ಹೊರಟಿದ್ದೆ. ಹೊರಡೋ ಮುಂಚೆ ನಮ್ಮ ಕರಿಯನನ್ನ ತೆಂಗಿನ ಮರಕ್ಕೆ ಕಟ್ಟಿದೆ. ಹಿಂದಿನ ದಿನವಷ್ಟೇ ಅವನು ಟೊಮ್ಯಾಟೊ ಸಸಿ ಮಡಿಯನ್ನ ಕೆದರಿ, ಮಲ್ಚಿಂಗ್ ಶೀಟ್ ಹರಿದು ಹಾಕಿದ್ದ. ದನ ಕಟ್ಟೋ ಸರಪಳಿ, ಕೊರಳಿಗೆ ಹಳೇ ಬೆಲ್ಟು. ಸರಪಳಿಯ ಕೊಂಡಿ ಸಡಿಲ ಇತ್ತು ಅಂತ ಬೈಂಡಿಂಗ್ ವೈರಿನಿಂದ ಬಿಗಿಯಾಗಿ ಸುತ್ತಿದ್ದೆ. ಪಕ್ಕದಲ್ಲಿ ಒಂದು ಬಕೆಟ್ ನೀರು. ಎಲ್ಲಾ ಸರಿಯಾಗಿದೆ ಅಂದುಕೊಂಡು ಗಾಡಿ ಸ್ಟಾರ್ಟ್ ಮಾಡಿದೆ.

ಹನ್ನೆರಡೂವರೆಗೆ ಪಕ್ಕದ ತೋಟದ ಅಜ್ಜಿ ಮೊಮ್ಮಗನ ಫೋನಿಂದ ಮಾತಾಡಿದರು. "ನಿನ್ ನಾಯಿ ಸಾಯ್ತಾ ಐತೆ ಕಣಪ್ಪ, ಬೇಗ ಬಾ" ಅಂದರು.

ಕರಿಯ ಮರವನ್ನ ಸುತ್ತಿ ಸುತ್ತಿ ಸರಪಳಿ ಗೇಣುದ್ದ ಆಗಿತ್ತು. ಬಕೆಟ್ ಉರುಳಿತ್ತು. ಬೆಳಿಗ್ಗೆ ಇದ್ದ ನೆರಳು ಆ ಕಡೆಗೆ ಸರಿದಿತ್ತು. ಅಜ್ಜಿಗೆ ಕೊಂಡಿ ಬಿಚ್ಚೋಕೆ ಆಗಲಿಲ್ಲ, ನಾನೇ ವೈರ್ ಸುತ್ತಿದ್ದೆನಲ್ಲ! ಕೊನೆಗೆ ಕುಡುಗೋಲಲ್ಲಿ ಬೆಲ್ಟ್ ಕೊಯ್ದು, ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದಿದ್ದರು. ಅವತ್ತು ಕರಿಯ ಉಳಿದಿದ್ದು ಅಜ್ಜಿಯಿಂದ, ನನ್ನಿಂದ ಅಲ್ಲ.

ನಾಲ್ಕು ವರ್ಷ ತೋಟಗಾರಿಕೆ ಓದಿದವನು ನಾನು. ದ್ರಾಕ್ಷಿಗೆ ಚಪ್ಪರ ಹಾಕೋದು, ತಂತಿ ಬಿಗಿಯೋದು ಎಲ್ಲಾ ಗೊತ್ತಿತ್ತು. ಒಂದು ನಾಯಿ ಕಟ್ಟೋಕೆ ಮಾತ್ರ ಗೊತ್ತಿರಲಿಲ್ಲ. ಅವತ್ತಿನಿಂದ ಕಲಿತಿದ್ದನ್ನ ಈ ವಾರ ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಒಂದು ಮಾತು: ಕಟ್ಟಲೇಬೇಕಾ?

ಕಟ್ಟದೇ ಇದ್ದರೆ ಒಳ್ಳೇದು. ಬೇಲಿ ಹಾಕಿದ ಸಣ್ಣ ಅಂಗಳ ಇದ್ದರೆ ನಾಯಿಗೆ ಅದಕ್ಕಿಂತ ಸುಖ ಇಲ್ಲ. ಆದರೆ ನಮ್ಮಲ್ಲಿ ಬಹಳ ತೋಟಗಳಿಗೆ ಪೂರ್ತಿ ಬೇಲಿ ಇರಲ್ಲ. ಪಕ್ಕದವರ ಕೋಳಿ, ಕುರಿ ಇರ್ತವೆ, ಸಸಿ ಮಡಿ ಇರುತ್ತೆ, ತರಕಾರಿ ಕೊಳ್ಳೋಕೆ ಜನ ಬರ್ತಾರೆ. ದಿನಕ್ಕೆ ಎರಡು ಮೂರು ಗಂಟೆ, ಮನೆಯವರು ಕಣ್ಣಳತೆಯಲ್ಲಿ ಇರುವಾಗ ಕಟ್ಟೋದು ಸರಿ. ಬೆಳಿಗ್ಗೆಯಿಂದ ಸಂಜೆವರೆಗೆ ಕಟ್ಟಿ ಸಂತೆಗೆ ಹೋಗೋದು ಸರಿಯಲ್ಲ.

ಸದಾ ಕಟ್ಟಿದ ನಾಯಿ ಒಳ್ಳೇ ಕಾವಲು ಕಾಯುತ್ತೆ ಅನ್ನೋದು ತಪ್ಪು. ಅದು ಕಂಡಿದ್ದಕ್ಕೆಲ್ಲಾ ಬೊಗಳುತ್ತೆ, ಹತ್ತಿರ ಹೋದ ಮಕ್ಕಳನ್ನ ಕಚ್ಚುತ್ತೆ. ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕೋದು ಅಪರಾಧ. ಸದಾ ಕಟ್ಟಿರೋ ನಾಯಿಯನ್ನ ಓಡಾಡಿಸದೇ ಇರೋದೂ ಅಪರಾಧವೇ.

ಓಡುತಂತಿ ಅಂದ್ರೇನು?

ಎರಡು ಕಂಬದ ನಡುವೆ ತಲೆಗಿಂತ ಎತ್ತರದಲ್ಲಿ ಒಂದು ತಂತಿ. ಅದರ ಮೇಲೆ ಉರುಳೋ ಒಂದು ರಾಟೆ. ರಾಟೆಯಿಂದ ನಾಯಿಗೆ ಇಳಿಯೋ ಒಂದು ಹಗುರ ಎಳೆ. ನಾಯಿ ಅತ್ತಿಂದಿತ್ತ ಓಡಾಡಿದರೆ ರಾಟೆ ಜೊತೆಗೇ ಬರುತ್ತೆ. ಸುತ್ತಿಕೊಳ್ಳೋಕೆ ನಡುವೆ ಮರ ಇಲ್ಲ, ಗೂಟ ಇಲ್ಲ. ಹೀರೆ ಚಪ್ಪರ ಹಾಕಿದವರಿಗೆ ಇದು ಅರ್ಧ ದಿನದ ಕೆಲಸ.

ಜಾಗ ಆರಿಸೋದೇ ಮುಖ್ಯ

ಸಾಮಾನು ತರೋ ಮುಂಚೆ ಜಾಗ ನೋಡಿ. ಇವುಗಳಿಂದ ದೂರ ಇರಲಿ:

• ತೆಂಗಿನ ಮರದ ಕೆಳಗೆ ಬೇಡವೇ ಬೇಡ. ಕಾಯಿ, ಒಣ ಗರಿ ಬೀಳ್ತವೆ, ಕಟ್ಟಿದ ನಾಯಿ ತಪ್ಪಿಸಿಕೊಳ್ಳಲ್ಲ.

• ಕರೆಂಟ್ ಕಂಬ, ಅದರ ಸ್ಟೇ ವೈರ್, ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆ, ಸೋಲಾರ್ ಬೇಲಿ. ಮಳೆಗಾಲದಲ್ಲಿ ಸ್ಟೇ ವೈರಿಗೂ ಕರೆಂಟ್ ಇಳಿಯಬಹುದು. ಓಡುತಂತಿಯ ಮೇಲೆ ವಿದ್ಯುತ್ ಲೈನ್ ಹಾದುಹೋಗಿರಬಾರದು.

• ಕಾಂಪೌಂಡ್ ಗೋಡೆ, ಜಗಲಿ, ಮೆಟ್ಟಿಲು. ನಾಯಿ ಆ ಕಡೆ ಹಾರಿದರೆ ಕೊರಳಿಗೆ ನೇಣು.

• ಬಾವಿ, ಕೃಷಿ ಹೊಂಡ, ಟ್ರ್ಯಾಕ್ಟರ್ ಓಡಾಡೋ ದಾರಿ.

• ಜೇನುಪೆಟ್ಟಿಗೆ, ಹೆಜ್ಜೇನು ಕಟ್ಟಿದ ಮರ. ಬಿಟ್ಟ ನಾಯಿ ಓಡಿ ಬದುಕುತ್ತೆ, ಕಟ್ಟಿದ್ದು ಬದುಕಲ್ಲ.

• ಸೊಪ್ಪಿನ ಮಡಿ. ನಾಯಿ ಮಲದಲ್ಲಿ ಜಂತುಹುಳುವಿನ ಮೊಟ್ಟೆ ಇರಬಹುದು. ನಾವು ಹಸಿಯಾಗಿ ತಿನ್ನೋ ಬೆಳೆ ಹತ್ತಿರ ಅದು ಬೇಡ. ಆ ಮಲವನ್ನ ಕಾಂಪೋಸ್ಟ್ ಗುಂಡಿಗೂ ಹಾಕಬೇಡಿ, ದೂರದಲ್ಲಿ ಹೂತುಬಿಡಿ.

ನೆರಳಿನ ಲೆಕ್ಕ ಬೇರೆಯೇ. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ನಾಲ್ಕು, ಮೂರು ಹೊತ್ತೂ ಹೋಗಿ ಫೋನಲ್ಲಿ ಒಂದೊಂದು ಫೋಟೊ ತೆಗೀರಿ. ಮೂರು ಫೋಟೊದಲ್ಲೂ ನಾಯಿ ಮಲಗೋಕೆ ನೆರಳಿದ್ದರೆ ಆ ಜಾಗ ಪಾಸ್. ಹೊಂಗೆ, ಬೇವಿನ ನೆರಳು ಒಳ್ಳೇದು. ಆದರೆ ಕೊಂಬೆಯ ನೆರಳು ಸಿಗಬೇಕೇ ಹೊರತು ಕಾಂಡ ನಾಯಿಗೆ ಸಿಗಬಾರದು.

ಬೇಕಾದ ಸಾಮಾನು

• ಎರಡು ಗಟ್ಟಿ ಕಂಬ: ಕಲ್ಲುಕಂಬ ಅಥವಾ ಕಬ್ಬಿಣದ ಪೈಪ್

• 6 ಎಂಎಂ ಸ್ಟೀಲ್ ವೈರ್ ರೋಪ್, ಪ್ಲಾಸ್ಟಿಕ್ ಹೊದಿಕೆ ಇದ್ದರೆ ಇನ್ನೂ ಒಳ್ಳೇದು

• ತಂತಿ ಬಿಗಿಯೋಕೆ ಒಂದು ಟರ್ನ್‌ಬಕಲ್

• ವೈರ್ ರೋಪ್ ಕ್ಲ್ಯಾಂಪ್ ಆರು: ಎರಡು ತುದಿಗೆ ಎರಡೆರಡು, ತಡೆಗೆ ಎರಡು

• ಒಂದು ರಾಟೆ ಅಥವಾ ದಪ್ಪ ಉಂಗುರ

• 8 ಅಡಿ ಹಗುರ ಸರಪಳಿ ಅಥವಾ ಹೊದಿಕೆಯ ಕೇಬಲ್, ಎರಡೂ ತುದಿಗೆ ತಿರುಗೋ ಕೊಂಡಿ. ಅಂಗಡಿಯಲ್ಲಿ ಸ್ವಿವೆಲ್ ಹುಕ್ ಅಂತ ಕೇಳಿ

ದನದ ಸರಪಳಿ ಬೇಡ, ಅದರ ಭಾರಕ್ಕೇ ನಾಯಿಯ ಕತ್ತು ಸೋಲುತ್ತೆ. ನೈಲಾನ್ ಹಗ್ಗವೂ ಬೇಡ, ಒಂದೇ ಮಧ್ಯಾಹ್ನದಲ್ಲಿ ಕಡಿದು ಹಾಕ್ತವೆ.

ಹಾಕೋ ಕ್ರಮ

1. ಕಂಬ ನಿಲ್ಲಿಸಿ. ಎರಡರ ನಡುವೆ 40 ಅಡಿ ಇರಲಿ. ಕನಿಷ್ಠ ಎರಡೂವರೆ ಅಡಿ ಹೂಳಿ, ಕಲ್ಲು ಹಾಕಿ ಗಟ್ಟಿಯಾಗಿ ದಮ್ಮಸು ಮಾಡಿ.

2. ನೆಲದಿಂದ 7 ಅಡಿ ಎತ್ತರಕ್ಕೆ ತಂತಿ ಕಟ್ಟಿ. ಇದಕ್ಕಿಂತ ಕೆಳಗಾದರೆ ಕತ್ತಲಲ್ಲಿ ಬಂದ ಮನುಷ್ಯನ ಕತ್ತಿಗೆ ಸಿಗುತ್ತೆ. ರಾಟೆಯನ್ನ ಮೊದಲೇ ತಂತಿಗೆ ಪೋಣಿಸಿ, ಆಮೇಲೆ ಟರ್ನ್‌ಬಕಲ್ ಬಿಗಿ ಮಾಡಿ.

3. ತಡೆ ಹಾಕಿ. ಬಹಳ ಜನ ಬಿಡೋದು ಇದನ್ನೇ. ಎಳೆ ಎಷ್ಟು ಉದ್ದವೋ ಅದಕ್ಕಿಂತ ಒಂದಡಿ ಹೆಚ್ಚು ದೂರದಲ್ಲಿ ರಾಟೆ ನಿಲ್ಲಬೇಕು. ಎಳೆ 8 ಅಡಿ ಇದ್ದರೆ ಕಂಬದಿಂದ 9 ಅಡಿಗೆ ಒಂದು ಕ್ಲ್ಯಾಂಪ್, ಆ ಕಡೆಯೂ ಹಾಗೇ. ಆಗ ನಾಯಿ ಏನೇ ಮಾಡಿದರೂ ಕಂಬಕ್ಕೆ ಸುತ್ತಿಕೊಳ್ಳಲ್ಲ. ರಾಟೆ ಓಡೋಕೆ 22 ಅಡಿ ಉಳಿಯುತ್ತೆ.

4. ಎಳೆ ಜೋಡಿಸಿ. 7 ಅಡಿ ತಂತಿಗೆ 8 ಅಡಿ ಎಳೆ ಇದ್ದರೆ ನಾಯಿ ಆರಾಮಾಗಿ ಮಲಗಬಹುದು, ಅಕ್ಕಪಕ್ಕ ಐದಾರು ಅಡಿ ಸರಿಯಬಹುದು. ಇನ್ನೂ ಉದ್ದ ಬಿಟ್ಟರೆ ಕಾಲಿಗೆ ತೊಡರುತ್ತೆ, ಗಿಡ್ಡ ಮಾಡಿದರೆ ಮಲಗೋಕಾಗಲ್ಲ.

5. ಗೂಡು ಒಂದು ಬದಿಯ ಅಂಚಿನಲ್ಲಿ ಇರಲಿ, ಬಾಗಿಲು ತಂತಿಯ ಕಡೆಗೆ. ನಾಯಿ ಒಳಗೆ ಹೋಗಬೇಕು, ಗೂಡಿನ ಸುತ್ತ ಹೋಗಬಾರದು. ಬರೀ ತಗಡಿನ ಗೂಡು ಬೇಸಿಗೆಯಲ್ಲಿ ಒಲೆ ಇದ್ದ ಹಾಗೆ. ಮೇಲೆ ತೆಂಗಿನ ಗರಿ ಹೊದಿಸಿ.

6. ನೀರಿಗೆ ಉರುಳದ ಪಾತ್ರೆ ಇಡಿ. ಕಲ್ಲಿನ ಬಾನಿ ಇದ್ದರೆ ಸರಿ, ಇಲ್ಲಾಂದ್ರೆ ಹಳೇ ಟೈರಿನ ಒಳಗೆ ಬಕೆಟ್ ಕೂರಿಸಿ.

ಕೊರಳಿಗೆ ಏನು?

ಅಗಲವಾದ ಚಪ್ಪಟೆ ಬೆಲ್ಟ್, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ. ಜಾರುಗಂಟು, ಎಳೆದಷ್ಟೂ ಬಿಗಿಯಾಗೋ ಚೋಕ್ ಚೈನ್ ಯಾವತ್ತೂ ಬೇಡ. ಎದೆಗೆ ಹಾಕೋ ಹಾರ್ನೆಸ್ ಇನ್ನೂ ಕ್ಷೇಮ, ಆದರೆ ಉಜ್ಜಿ ಗಾಯ ಆಗಿದೆಯಾ ಅಂತ ದಿನಾ ಕಂಕುಳ ನೋಡಿ. ಮರಿ ಬೆಳೆಯುತ್ತಾ ಇದ್ದರೆ ವಾರಕ್ಕೊಮ್ಮೆ ಬೆಲ್ಟ್ ಅಳತೆ ನೋಡಲೇಬೇಕು. ಬೆಲ್ಟ್ ಚರ್ಮದೊಳಗೆ ಹೂತುಹೋಗೋದು ಮರೆತವರ ಮನೆಯಲ್ಲೇ.

ಮುಧೋಳ ನಾಯಿ ಸಾಕಿದವರು ಇನ್ನೂ ಹುಷಾರಾಗಿರಿ. ಅದರ ತಲೆ ಸಣ್ಣ, ಕತ್ತು ಉದ್ದ, ಸಾಮಾನ್ಯ ಬೆಲ್ಟಿನಿಂದ ಸಲೀಸಾಗಿ ನುಣುಚಿಕೊಳ್ಳುತ್ತೆ. ಓಡೋಕೆ ಹುಟ್ಟಿದ ತಳಿ ಬೇರೆ. 22 ಅಡಿಯಲ್ಲೇ ವೇಗ ಹಿಡಿದು ತುದಿಗೆ ಬಂದಾಗ ಕತ್ತಿಗೆ ಜೋರು ಏಟು ಬೀಳುತ್ತೆ. ಅದಕ್ಕೆ ಹಾರ್ನೆಸ್ಸೇ ಬೇಕು, ಕಟ್ಟೋ ಮುಂಚೆ ಚೆನ್ನಾಗಿ ಓಡಿಸಿ ಸುಸ್ತು ಮಾಡಿರಬೇಕು.

ಕೊಂಡಿ ಹೇಗಿರಬೇಕು ಅಂದ್ರೆ ನಿಮ್ಮ ಮನೆಯ ಅಜ್ಜಿ ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು. ಮನೆಯವರಿಗೆಲ್ಲಾ ಒಮ್ಮೆ ಬಿಚ್ಚಿ ತೋರಿಸಿ. ವೈರ್ ಸುತ್ತಬೇಡಿ. ಇದನ್ನ ನಾನು ಹೇಳಬೇಕಾಗಿಲ್ಲ ಅನಿಸುತ್ತೆ.

ಯಾವಾಗ ಕಟ್ಟಬಾರದು?

ರಾತ್ರಿ ಕಟ್ಟಬೇಡಿ. ತುಮಕೂರು, ರಾಮನಗರ, ಮೈಸೂರು ಕಡೆ, ಮಲೆನಾಡಿನಲ್ಲಿ ಚಿರತೆ ತೋಟಕ್ಕೇ ಬರುತ್ತೆ. ಹೊರಗೆ ಕಟ್ಟಿದ ನಾಯಿ ಅದಕ್ಕೆ ಬಡಿಸಿಟ್ಟ ಊಟ. ಕತ್ತಲಾಗೋ ಮುಂಚೆ ಮನೆಯೊಳಗೆ ಅಥವಾ ಬಾಗಿಲಿರೋ ಶೆಡ್ಡಿಗೆ ತನ್ನಿ.

ಗುಡುಗು ಕೇಳಿದ ಕೂಡಲೇ ಬಿಚ್ಚಿ ಒಳಗೆ ತನ್ನಿ. ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಸಿಡಿಲು ಜಾಸ್ತಿ. ಬಯಲಲ್ಲಿ ಉದ್ದದ ಲೋಹದ ತಂತಿ ಅಪಾಯ, ನಾಯಿಗೂ ನಿಮಗೂ.

ಆರು ತಿಂಗಳೊಳಗಿನ ಮರಿ, ಬೆದೆಗೆ ಬಂದ ಹೆಣ್ಣು, ಕಾಯಿಲೆ ನಾಯಿ, ಇವನ್ನ ಓಡುತಂತಿಗೆ ಹಾಕಬೇಡಿ. ಒಂದು ತಂತಿಗೆ ಎರಡು ನಾಯಿಯೂ ಬೇಡ. ಮೊದಲ ದಿನ ಹದಿನೈದು ನಿಮಿಷ ಪಕ್ಕದಲ್ಲೇ ಕೂತು ನೋಡಿ, ನಿಧಾನಕ್ಕೆ ಹೊತ್ತು ಹೆಚ್ಚಿಸಿ.

ಬಿಸಿಲು ಹೊಡೆದರೆ

ನಾಯಿಗೆ ನಮ್ಮ ಹಾಗೆ ಮೈತುಂಬಾ ಬೆವರಲ್ಲ, ತೇಕೇ ಮೈ ತಂಪು ಮಾಡಿಕೊಳ್ಳಬೇಕು. ಅದರ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ. ವಿಪರೀತ ತೇಕು, ಅಂಟು ಜೊಲ್ಲು, ಕಡುಗೆಂಪು ಒಸಡು, ತೂರಾಟ ಕಂಡರೆ ತಕ್ಷಣ ನೆರಳಿಗೆ ತನ್ನಿ. ಹೊಟ್ಟೆ, ತೊಡೆ ಸಂದು, ಪಾದಕ್ಕೆ ತಣ್ಣೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಇದ್ದರೆ ಸ್ವಲ್ಪ ಸ್ವಲ್ಪ ನೀರು ಕುಡಿಸಿ, ಬಾಯಿಗೆ ಬಲವಂತವಾಗಿ ಹುಯ್ಯಬೇಡಿ. ಚೇತರಿಸಿಕೊಂಡ ಹಾಗೆ ಕಂಡರೂ ಪಶುವೈದ್ಯರಿಗೆ ತೋರಿಸಿ. ಹತ್ತಿರದ ಪಶು ಆಸ್ಪತ್ರೆಯ ನಂಬರ್ ಇವತ್ತೇ ಫೋನಲ್ಲಿ ಸೇವ್ ಮಾಡಿ. ಹಾಗೇ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ತಪ್ಪಿಸಬೇಡಿ.

ತಿಂಗಳಿಗೊಮ್ಮೆ ಹತ್ತು ನಿಮಿಷ

ತಂತಿ ಸಡಿಲ ಆಗಿದೆಯಾ, ಕ್ಲ್ಯಾಂಪ್ ನಟ್ ಬಿಗಿ ಇದೆಯಾ, ರಾಟೆ ತುಕ್ಕು ಹಿಡಿದಿದೆಯಾ, ತಿರುಗೋ ಕೊಂಡಿ ನಿಜವಾಗಿ ತಿರುಗುತ್ತಾ ನೋಡಿ. ಒಂದು ಹನಿ ಎಣ್ಣೆ ಬಿಡಿ. ಮಳೆಗಾಲ ಮುಗಿದ ಮೇಲೆ ಕಂಬ ಅಲ್ಲಾಡಿಸಿ ನೋಡಿ.

ಕರಿಯ ಈಗಲೂ ಇದ್ದಾನೆ. ಬೆಳಿಗ್ಗೆ ಸಸಿ ನಾಟಿ ಮಾಡೋ ಹೊತ್ತು, ಗಿರಾಕಿಗಳು ಬರೋ ಹೊತ್ತು ಮಾತ್ರ ಓಡುತಂತಿಯಲ್ಲಿ. ಸಂತೆ ದಿನ ಅಪ್ಪ ಮನೆಯಲ್ಲಿ ಇರ್ತಾರೆ, ಇಲ್ಲಾಂದ್ರೆ ಕರಿಯ ಅಜ್ಜಿ ಮನೆ ಜಗಲಿ ಮೇಲೆ. ಆ ತೆಂಗಿನ ಮರದಲ್ಲಿ ಸರಪಳಿ ಉಜ್ಜಿದ ಗೀರು ಇನ್ನೂ ಹಾಗೇ ಇದೆ. ನೀರು ಕಟ್ಟೋಕೆ ಆ ಕಡೆ ಹೋದಾಗೆಲ್ಲಾ ಕಣ್ಣಿಗೆ ಬೀಳುತ್ತೆ.

ನಿಮ್ಮ ನಾಯಿ ಈ ಕ್ಷಣ ಎಲ್ಲಿದೆ? ಒಮ್ಮೆ ಎದ್ದು ಹೋಗಿ ನೋಡಿ ಬನ್ನಿ. ನೆರಳು ಸರಿದಿರಬಹುದು.