ಏರ್ ಫಿಲ್ಟರ್ ಬದಲಿಸಿದರೆ ಪವರ್ ಹೆಚ್ಚುತ್ತದೆಯೇ?

ಜೀಪು, ಪಿಕಪ್ ಇಟ್ಟುಕೊಂಡಿರುವ ಕೃಷಿಕರ ನಡುವೆ ಒಂದು ಮಾತು ಓಡಾಡುತ್ತಿದೆ. ಕಂಪನಿ ಕೊಟ್ಟ ಏರ್ ಫಿಲ್ಟರಿನ ಡಬ್ಬಿ ಕಳಚಿ, ಆ ಜಾಗಕ್ಕೆ ಬಜಾರಿನಲ್ಲಿ ಸಿಗುವ ಶಂಕುವಿನಾಕಾರದ 'ಪವರ್ ಫಿಲ್ಟರ್' ಕೂರಿಸಿದರೆ ಇಂಜಿನು ಜಾಸ್ತಿ ಎಳೆಯುತ್ತದಂತೆ. ಏರು ಸಲೀಸಾಗಿ ಹತ್ತುತ್ತದಂತೆ. ಡೀಸೆಲೂ ಉಳಿಯುತ್ತದಂತೆ.

ನಮ್ಮೂರಿನಲ್ಲೂ ಒಬ್ಬರು ಹಾಕಿಸಿದರು. ಟರ್ಬೋ ಇಲ್ಲದ, ಎರಡೂವರೆ ಲೀಟರಿನ ಹಳೆಯ ಡೀಸೆಲ್ ಜೀಪು ಅವರದು. ತೋಟದ ಕೆಲಸ ಮುಗಿದ ಮೇಲೆ ಬಾಡಿಗೆಗೂ ಹೋಗುವ ಗಾಡಿ. ಮೂರು ಸಾವಿರ ಚಿಲ್ಲರೆ ಕೊಟ್ಟಿದ್ದರು. "ಸೌಂಡ್ ಕೇಳಿ ನೋಡಿ, ಬೇರೆಯೇ ಗಾಡಿ ಆಗಿದೆ" ಅಂದರು. ಸೌಂಡು ಬೇರೆ ಆದದ್ದು ನಿಜ. ಎಳೆತವೂ ಬೇರೆ ಆಗಿದೆಯಾ ಎಂದು ಅಳೆದು ನೋಡುವ ಆಸೆ ನನಗೆ. ಅವರಿಗೂ ಕುತೂಹಲ ಇದ್ದ ಕಾರಣ ಗಾಡಿ ಎರಡು ದಿನ ನಮ್ಮ ಅಂಗಳದಲ್ಲಿ ನಿಂತಿತು.

ಇಂಜಿನು ಕುಡಿಯುವ ಗಾಳಿ

ಮೊದಲು ಸ್ವಲ್ಪ ಲೆಕ್ಕ. ಎರಡೂವರೆ ಲೀಟರಿನ ನಾಲ್ಕು ಸ್ಟ್ರೋಕ್ ಇಂಜಿನು ಎರಡು ಸುತ್ತಿಗೊಮ್ಮೆ ಎರಡೂವರೆ ಲೀಟರ್ ಗಾಳಿ ಎಳೆಯುತ್ತದೆ. ಪೂರ್ತಿ ತುಂಬುವುದಿಲ್ಲ, ಅಂದಾಜು ನೂರಕ್ಕೆ 85 ಪಾಲು ಎನ್ನಿ. ನಿಮಿಷಕ್ಕೆ 2,000 ಸುತ್ತು ತಿರುಗುವಾಗ 2,000 ಲೀಟರಿಗೂ ಮಿಕ್ಕಿ ಗಾಳಿ ಬೇಕು. ಕಾಡಿಗೆ ಮದ್ದು ಕಲಸುವ 200 ಲೀಟರಿನ ಡ್ರಮ್ಮಿನಲ್ಲಿ ಅಳೆದರೆ ನಿಮಿಷಕ್ಕೆ ಹತ್ತು ಡ್ರಮ್! ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಕಡಿಮೆಯೆಂದರೂ 10,000 ಲೀಟರ್ ಗಾಳಿ ಬೇಕು.

ಇಷ್ಟು ಗಾಳಿ ಕುಡಿಯುವ ಯಂತ್ರಕ್ಕೆ ಗಾಳಿ ಜಾಸ್ತಿ ಕೊಟ್ಟರೆ ಶಕ್ತಿ ಜಾಸ್ತಿಯಾಗಬೇಡವೇ ಅಂತ ಕೇಳಬಹುದು. ಪೆಟ್ರೋಲ್ ಇಂಜಿನಿನಲ್ಲಿ ಈ ಮಾತಿಗೆ ಅರ್ಥ ಉಂಟು. ಅಲ್ಲಿ ಗಾಳಿಗೂ ಪೆಟ್ರೋಲಿಗೂ ತೂಕದಲ್ಲಿ ಸುಮಾರು 14.7ಕ್ಕೆ ಒಂದು ಎಂಬ ನಂಟು. ಎಕ್ಸಲರೇಟರ್ ಒತ್ತಿದಾಗ ತೆರೆಯುವುದೇ ಗಾಳಿಯ ಬಾಗಿಲು. ಆದರೆ ಅರ್ಧ ಎಕ್ಸಲರೇಟರಿನಲ್ಲಿ ಹೋಗುವಾಗ ಆ ಬಾಗಿಲೇ ಅರ್ಧ ಮುಚ್ಚಿರುತ್ತದಲ್ಲ? ಅದರ ತಡೆಯ ಮುಂದೆ ಫಿಲ್ಟರಿನ ತಡೆ ಏನೂ ಅಲ್ಲ. ಕಾಲು ಪೂರ್ತಿ ಒತ್ತಿ, ಇಂಜಿನು ಮೇಲಿನ ಸುತ್ತಿನಲ್ಲಿ ಕಿರುಚುವಾಗ ಮಾತ್ರ ಫಿಲ್ಟರಿನ ಪ್ರಶ್ನೆ ಬರುವುದು. ನಮ್ಮ ಮಣ್ಣುರಸ್ತೆಯಲ್ಲಿ ಹಾಗೆ ಓಡಿಸುವವರು ಎಷ್ಟು ಜನ?

ಹಳೆಯ ಡೀಸೆಲ್ ಇಂಜಿನಿನಲ್ಲಿ ಗಾಳಿಗೆ ಬಾಗಿಲೇ ಇಲ್ಲ. ಖಾಲಿ ನಿಂತಿದ್ದರೂ ಭಾರ ಎಳೆಯುತ್ತಿದ್ದರೂ ಪ್ರತಿ ಸಲ ಎದೆತುಂಬ ಗಾಳಿಯನ್ನೇ ಎಳೆಯುತ್ತದೆ. ಎಷ್ಟು ಎಣ್ಣೆ ಚಿಮ್ಮಿಸಬೇಕು ಎಂದು ತೀರ್ಮಾನಿಸುವುದು ಪಂಪು. ಶಕ್ತಿ ಹುಟ್ಟುವುದು ಆ ಎಣ್ಣೆಯಿಂದ. ಕಂಪನಿಯವರು ಹೊಂದಿಸಿ ಕೊಟ್ಟ ಡೀಸೆಲ್ ಇಂಜಿನಿನಲ್ಲಿ ಪೂರ್ತಿ ಭಾರ ಹೇರಿದಾಗಲೂ ಗಾಳಿ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಹೊಟ್ಟೆ ತುಂಬಿದವನ ಎಲೆಗೆ ಇನ್ನೊಂದು ಸೌಟು ಅನ್ನ ಬಡಿಸಿದರೆ ಅವನ ಬಲ ಹೆಚ್ಚುವುದಿಲ್ಲ.

ಲಾಳದಾಕಾರದ ನಳಿಗೆ

ಫಿಲ್ಟರ್ ಎಷ್ಟು ತಡೆಯುತ್ತದೆ ಎಂದು ಮನೆಯಲ್ಲೇ ಅಳೆಯಬಹುದು. ಮೂರೂವರೆ ಮೀಟರ್ ಸಪೂರದ ಪಾರದರ್ಶಕ ಪೈಪು, ಒಂದು ಹಲಗೆ, ಒಂದು ಅಳತೆ ಟೇಪು ಸಾಕು. ಪೈಪನ್ನು ಲಾಳದ ಹಾಗೆ ಬಗ್ಗಿಸಿ ಹಲಗೆಗೆ ಕಟ್ಟಿ, ಎರಡೂ ಕಾಲುಗಳಲ್ಲಿ ಅರ್ಧ ಮೀಟರಿನಷ್ಟು ನೀರು ನಿಲ್ಲಿಸಿ. ಒಂದು ತುದಿ ತೆರೆದಿರಲಿ. ಇನ್ನೊಂದನ್ನು ಫಿಲ್ಟರಿಗೂ ಇಂಜಿನಿಗೂ ನಡುವಿನ ಹೋಸಿಗೆ ಸಣ್ಣ ನಿಪ್ಪಲ್ ಹಾಕಿ ಜೋಡಿಸಿ. ಇಂಜಿನು ಎಳೆದಂತೆ ಒಂದು ಕಾಲಿನ ನೀರು ಏರಿ ಇನ್ನೊಂದರದ್ದು ಇಳಿಯುತ್ತದೆ. ಎರಡರ ನಡುವಿನ ಅಂತರವೇ ತಡೆ. ಕಾಲುಗಳು ಒಂದೂವರೆ ಮೀಟರ್ ಎತ್ತರ ಇರಲೇಬೇಕು. ಗಿಡ್ಡ ಮಾಡಿದರೆ ನೀರು ಇಂಜಿನಿನ ಹೊಟ್ಟೆಗೆ ಹೋದೀತು. ಡೀಸೆಲ್ ಯಾವಾಗಲೂ ಪೂರ್ತಿ ಉಸಿರು ಎಳೆಯುವ ಕಾರಣ ನಿಂತಲ್ಲೇ ರೇಸ್ ಮಾಡಿ ನೋಡಿದರೂ ಲೆಕ್ಕ ಸರಿಯಾಗುತ್ತದೆ.

ಜೀಪಿನ ಮಾಲಿಕರು ಹಳೆಯ ಡಬ್ಬಿ ಬಿಸಾಡಿರಲಿಲ್ಲ, ಪುಣ್ಯ. ಅದರೊಳಗಿದ್ದ ಹಳೆಯ ಕಾಗದದ ಫಿಲ್ಟರಿನಲ್ಲಿ ಪೂರ್ತಿ ರೇಸಿಗೆ ನೀರಿನ ಅಂತರ 540 ಮಿ.ಮೀ. ಬಂತು. ಅದೇ ಡಬ್ಬಿಗೆ ಹೊಸ ಕಾಗದದ ಫಿಲ್ಟರ್ ಹಾಕಿದಾಗ 210. ಬಜಾರಿನ ಶಂಕು ಹಾಕಿದಾಗ 120.

ಅಂದರೆ ಶಂಕುವಿನ ತಡೆ ಕಡಿಮೆ ಎಂಬುದು ಸುಳ್ಳಲ್ಲ. ಆದರೆ ಎಷ್ಟು ಕಡಿಮೆ? 90 ಮಿ.ಮೀ. ನಮ್ಮ ತಲೆಯ ಮೇಲಿರುವ ಇಡೀ ವಾತಾವರಣದ ಒತ್ತಡ ಸುಮಾರು 10,300 ಮಿ.ಮೀ. ನೀರಿಗೆ ಸಮ. ಅದರಲ್ಲಿ 90 ಎಂದರೆ ನೂರಕ್ಕೆ ಒಂದು ಪಾಲೂ ಪೂರ್ತಿ ಇಲ್ಲ. ಕೊಳಕು ಫಿಲ್ಟರಿಗೂ ಹೊಸ ಕಾಗದದ ಫಿಲ್ಟರಿಗೂ ಇರುವ ವ್ಯತ್ಯಾಸ ಇದರ ಮೂರು ಪಾಲಿಗಿಂತ ಹೆಚ್ಚು! ಹಳೆಯದನ್ನು ತೆಗೆದು ಶಂಕು ಹಾಕಿದವರಿಗೆ 'ಗಾಡಿ ಹಗುರಾಯಿತು' ಅನಿಸಿದರೆ ಆಶ್ಚರ್ಯವಿಲ್ಲ. ನಾಲ್ಕೈದು ನೂರರ ಕಾಗದ ಹಾಕಿದ್ದರೂ ಹಾಗೇ ಅನಿಸುತ್ತಿತ್ತು.

ಇನ್ನು ಬಿಸಿ. ಕಂಪನಿಯ ಡಬ್ಬಿ ಒಂದು ಮೂತಿಯ ಮೂಲಕ ಹೊರಗಿನ ಗಾಳಿಯನ್ನು ತರುತ್ತದೆ. ಶಂಕು ಕೂತದ್ದು ಬಾನೆಟ್ಟಿನ ಒಳಗೆ, ರೇಡಿಯೇಟರಿನ ಹಿಂದೆ. ಏರು ಹತ್ತಿ ಬಂದ ಕೂಡಲೇ ಅಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ, 62 ಡಿಗ್ರಿ. ಹೊರಗೆ 34. ಗಾಳಿ ಮೂರು ಡಿಗ್ರಿ ಬಿಸಿಯಾದರೆ ನೂರಕ್ಕೆ ಒಂದು ಪಾಲು ತೆಳ್ಳಗಾಗುತ್ತದೆ. 28 ಡಿಗ್ರಿಗೆ ಎಂಟು ಪಾಲಿಗೂ ಹೆಚ್ಚು ಹೋಯಿತು. ಒಂದು ಗಳಿಸಿ ಎಂಟು ಕಳಕೊಂಡ ವ್ಯಾಪಾರ ಇದು. ಮಂಗಳೂರಿನಿಂದ ಮಡಿಕೇರಿಗೆ ಹತ್ತಿದರೆ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳ್ಳಗಿರುತ್ತದೆ. ಬಾನೆಟ್ಟಿನ ಒಳಗೆ ಫಿಲ್ಟರ್ ಇಟ್ಟವರು ಊರಲ್ಲೇ ಕೂತು ಮಡಿಕೇರಿಯ ಗಾಳಿ ಕುಡಿಸಿದ ಹಾಗೆ. ತಂಪು ಮಾತ್ರ ಇಲ್ಲ!

ಮತ್ತೆ ಎಳೆತ ಬಂದದ್ದೆಲ್ಲಿಂದ?

ಡಾಮರು ರಸ್ತೆಯಿಂದ ನಮ್ಮ ಮನೆಗೆ 700 ಮೀಟರ್ ಏರು. ಹನ್ನೆರಡು ಗೋಣಿ ಗೊಬ್ಬರ ಹೇರಿ, ಎರಡನೇ ಗೇರಿನಲ್ಲಿ, ಕಾಲು ಪೂರ್ತಿ ಒತ್ತಿ, ಒಂದೊಂದು ಫಿಲ್ಟರಿಗೂ ಮೂರು ಮೂರು ಸಲ ಹತ್ತಿಸಿದೆವು. ಗಡಿಯಾರ ಹಿಡಿದವ ನನ್ನ ಮಗ. ಸರಾಸರಿ ಹೀಗೆ: ಕೊಳಕು ಕಾಗದದಲ್ಲಿ 109 ಸೆಕೆಂಡು, ಹೊಸ ಕಾಗದದಲ್ಲಿ 103, ಶಂಕುವಿನಲ್ಲಿ 105. ಶಂಕು ಮೊದಲ ಸಲ 103ರಲ್ಲೇ ಹತ್ತಿತ್ತು. ಬಾನೆಟ್ ಕಾದ ಮೇಲಿನ ಎರಡು ಸಲ ಹಿಂದೆ ಬಿತ್ತು.

ಆದರೆ ಮಾಲಿಕರು ಒಪ್ಪಲಿಲ್ಲ. "ಮೊದಲು ಗಾಡಿ ಇಷ್ಟು ಎಳೆಯುತ್ತಿರಲಿಲ್ಲ ಮಾರಾಯ್ರೇ, ನನಗೆ ಗೊತ್ತಿಲ್ಲವಾ?" ಅವರ ಮಾತಲ್ಲೂ ಸತ್ಯ ಇತ್ತು. ಏರಿನಲ್ಲಿ ಕಪ್ಪು ಹೊಗೆ ಕಂಡದ್ದರಿಂದ ನನಗೂ ಸಂಶಯ. ಫಿಲ್ಟರ್ ಕೂರಿಸಿದ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕೇಳಿದೆವು. ಅವನೇನೂ ಮುಚ್ಚಿಡಲಿಲ್ಲ. "ಹೌದು, ಪಂಪ್ ಸ್ವಲ್ಪ ಏರಿಸಿದ್ದೇನೆ. ಫಿಲ್ಟರ್ ಹಾಕಿದಾಗ ಎಲ್ಲರಿಗೂ ಹಾಗೇ ಮಾಡುವುದು" ಎಂದ. ಗುಟ್ಟು ಅಲ್ಲಿತ್ತು. ಎಣ್ಣೆಯ ಸ್ಕ್ರೂ ಹಳೆಯ ಗುರುತಿಗೆ ತಿರುಗಿಸಿದ ಮೇಲೆ ಅದೇ ಏರಿಗೆ, ಹೊಸ ಕಾಗದದಲ್ಲೇ, 110 ಸೆಕೆಂಡು. ಹೊಗೆಯೂ ಇಲ್ಲ.

ಬಂದ ಶಕ್ತಿ ಜಾಸ್ತಿ ಸುರಿದ ಡೀಸೆಲಿನದು, ಹೆಸರು ಮಾತ್ರ ಫಿಲ್ಟರಿಗೆ. ಹಾಗೆ ಏರಿಸಿ ಓಡಿಸಿದರೆ ಎಣ್ಣೆ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ, ಪಿಸ್ಟನ್ನಿಗೂ ವಾಲ್ವಿಗೂ ಬಿಸಿ ಹೆಚ್ಚುತ್ತದೆ. ಡೀಸೆಲ್ ಉಳಿಯುವ ಮಾತು ಹೇಗೂ ಇಲ್ಲ.

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪೆಟ್ರೋಲ್ ಕಾರುಗಳ ಮೇಲೆ ಇಂಥದೇ ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದಾರೆ. ಕಂಪ್ಯೂಟರ್ ನಿಯಂತ್ರಣದ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ತೆಗೆದು ಹೊಸದು ಹಾಕಿದರೆ ಮೈಲೇಜ್ ಹೆಚ್ಚಲಿಲ್ಲ. ವೇಗ ಏರಿಸಿಕೊಳ್ಳುವ ಸಮಯ ಮಾತ್ರ ನೂರಕ್ಕೆ 6ರಿಂದ 11ರಷ್ಟು ಸುಧಾರಿಸಿತು. ಅಲ್ಲೂ ಲಾಭ ಸಿಕ್ಕಿದ್ದು ಕೊಳಕು ಹೋಗಿ ಚೊಕ್ಕಟದ್ದು ಬಂದದ್ದರಿಂದ.

ಹುಡಿಯ ಲೆಕ್ಕ

ನನಗೆ ದೊಡ್ಡದಾಗಿ ಕಂಡದ್ದು ಒಂದೆರಡು ಸೆಕೆಂಡಿನ ವ್ಯತ್ಯಾಸ ಅಲ್ಲ. ಶಂಕು ಕಳಚಿದ ಮೇಲೆ ಅದರ ಹಿಂದಿನ ಪೈಪಿನ ಒಳಗೆ ಬಿಳಿ ಬಟ್ಟೆ ಒರಸಿದೆ. ಬಟ್ಟೆ ಕೆಂಪಾಯಿತು. ಒಂದೇ ಬೇಸಗೆ ಓಡಿದ ಗಾಡಿ! ಮುರಕಲ್ಲಿನ ರಸ್ತೆಯ ಹುಡಿ ಫಿಲ್ಟರ್ ದಾಟಿ ಒಳಗೆ ಹೋಗಿದೆ.

ಹುಡಿಯಲ್ಲಿರುವ ಬೆಣಚುಕಲ್ಲಿನ ಕಣ ಲೈನರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ, ಇಂಜಿನು ಸವೆಸುವುದರಲ್ಲಿ ಮುಂದಿರುವುದು ಐದರಿಂದ ಇಪ್ಪತ್ತು ಮೈಕ್ರಾನಿನ ಕಣಗಳು. ರಿಂಗು ಮತ್ತು ಲೈನರಿನ ನಡುವೆ ಎಣ್ಣೆಯ ಪೊರೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಅಲ್ಲಿ ಕೂತು ಅದು ಅರದ ಕೆಲಸ ಮಾಡುತ್ತದೆ. ಹೋಸು ಹರಿದಿದ್ದ ಟಿಲ್ಲರೊಂದರ ರಿಂಗುಗಳನ್ನು ವರ್ಕ್‌ಶಾಪಿನಲ್ಲಿ ನೋಡಿದ್ದೇನೆ, ಬ್ಲೇಡಿನಷ್ಟು ಹರಿತ.

ಒಳ್ಳೆಯ ಕಾಗದದ ಫಿಲ್ಟರ್ ನೂರಕ್ಕೆ 99.5 ಪಾಲು ಹುಡಿ ಹಿಡಿಯುತ್ತದೆ. ಇನ್ನೊಂದು 98 ಪಾಲು ಹಿಡಿದರೆ ಎರಡೂ ಒಂದೇ ಅಲ್ಲವೇ ಅನಿಸೀತು. ಒಳಗೆ ಹೋಗುವುದನ್ನು ಲೆಕ್ಕ ಹಾಕಿ: ನೂರು ಗ್ರಾಮಿಗೆ ಒಂದರಲ್ಲಿ ಅರ್ಧ ಗ್ರಾಂ, ಇನ್ನೊಂದರಲ್ಲಿ ಎರಡು ಗ್ರಾಂ. ನಾಲ್ಕು ಪಾಲು! ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರಿಗೆ ಹೆಸರು ತಂದ ಕ್ಯಾಲಿಫೋರ್ನಿಯಾದ ಕೆ ಅಂಡ್ ಎನ್ ಕಂಪನಿ ಶುರುವಾದದ್ದು 1969ರಲ್ಲಿ. ಒಳ್ಳೆಯ ಹತ್ತಿ ಫಿಲ್ಟರಿಗೆ ಅದರದೇ ಎಣ್ಣೆಯನ್ನು ಸಮನಾಗಿ ಹಚ್ಚುತ್ತಿದ್ದರೆ ಹುಡಿ ಹಿಡಿದೀತು. ಬಜಾರಿನ ಹೆಸರಿಲ್ಲದ ಶಂಕುಗಳಿಗೆ ಅದೂ ಇಲ್ಲ. ಹುಡಿ ಹಿಡಿಯುವ ಪರೀಕ್ಷೆಗೆ ಐಎಸ್‌ಒ 5011 ಎಂಬ ಮಾನದಂಡ ಉಂಟು. ಅದರ ಫಲಿತಾಂಶ ತೋರಿಸಿ ಎಂದು ಅಂಗಡಿಯಲ್ಲಿ ಕೇಳಿ ನೋಡಿ. ರೇಸಿನವರ ಮಾತು ಬೇರೆ, ಅವರು ಇಂಜಿನನ್ನು ಮತ್ತೆ ಮತ್ತೆ ಬಿಚ್ಚುತ್ತಾರೆ. ನಮಗೆ ಒಂದು ರಿಂಗು, ಪಿಸ್ಟನ್, ಲೈನರ್ ಕೆಲಸ ಎಂದರೆ ಆ ವರ್ಷದ ಅಡಿಕೆಯಲ್ಲಿ ಒಂದು ಪಾಲು ಹೋಯಿತು.

ಹೊರಗಿನ ಸಾಮಾನೆಲ್ಲ ಬೇಡ ಎಂದು ನಾನು ಹೇಳುವುದಿಲ್ಲ. ಹುಡಿಯಲ್ಲಿ ಓಡುವ ಟ್ರ್ಯಾಕ್ಟರಿಗೆ ಗಾಳಿಯನ್ನು ಸುತ್ತಿಸಿ ದಪ್ಪ ಹುಡಿಯನ್ನು ಮೊದಲೇ ಉದುರಿಸುವ ಪ್ರೀ ಕ್ಲೀನರ್ ಹಾಕಿಸಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಅದು ಇರುವ ಫಿಲ್ಟರಿನ ಮುಂದೆ ಕೂರುತ್ತದೆ, ಅದನ್ನು ಕಿತ್ತು ಹಾಕುವುದಿಲ್ಲ.

ಕಾಗದದ ಫಿಲ್ಟರನ್ನು ಕಲ್ಲಿಗೆ ಬಡಿಯಬೇಡಿ, ನೀರಲ್ಲಿ ತೊಳೆಯಬೇಡಿ. ಗಾಳಿ ಹೊಡೆಸುವುದಾದರೆ ಒಳಗಿನಿಂದ ಹೊರಕ್ಕೆ, ಕಾರಿನ ಟೈರಿಗೆ ಹಾಕುವ 30 ಪೌಂಡಿಗಿಂತ ಹೆಚ್ಚು ಒತ್ತಡ ಬೇಡ. ಆಮೇಲೆ ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಉರಿಸಿ ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿದರೂ ಅದು ಗೊಬ್ಬರದ ಗುಂಡಿಗೆ. ಫಿಲ್ಟರಿನಷ್ಟೇ ಮುಖ್ಯ ಅದರ ಹಿಂದಿನ ರಬ್ಬರ್ ಹೋಸು. ಮಡಚಿ ನೋಡಿದರೆ ಬಿರುಕು ಕಾಣುತ್ತದೆ.

ಟಿಲ್ಲರಿನ ಎಣ್ಣೆ ಬಾನಿಯ ಏರ್ ಕ್ಲೀನರಿನಲ್ಲಿ ಗಾಳಿ ಎಣ್ಣೆಗೆ ಬಡಿದು ಹಿಂದಕ್ಕೆ ತಿರುಗುವಾಗ ಹುಡಿ ಎಣ್ಣೆಯಲ್ಲಿ ಉಳಿಯುತ್ತದೆ. ಇಂಜಿನ್ ಎಣ್ಣೆಯನ್ನೇ ಗುರುತಿನ ವರೆಗೆ ಹಾಕಬೇಕು. ಕಡಿಮೆಯಾದರೆ ಹುಡಿ ಹಿಡಿಯುವುದಿಲ್ಲ. ಹೆಚ್ಚಾದರೆ ಇಂಜಿನು ಆ ಎಣ್ಣೆಯನ್ನೇ ಎಳೆದುಕೊಂಡು, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ ಹುಚ್ಚು ರೇಸಿಗೆ ಬೀಳುವ ಅಪಾಯ ಉಂಟು. ಹುಡಿಯ ದಿನಗಳಲ್ಲಿ ದಿನಾ ಬಿಚ್ಚಿ ನೋಡುವುದು ಲೇಸು. ಮಳೆಗಾಲ ಕಳೆದು ಟಿಲ್ಲರ್ ಹೊರಗೆ ತೆಗೆಯುವಾಗ ಗಾಳಿ ಎಳೆಯುವ ಬಾಯಿಯೊಳಗೆ ಒಂದು ಕಡ್ಡಿ ಆಡಿಸಿ ನೋಡಿ. ಕುಂಬಾರ ಹುಳಗಳಿಗೆ ಮಣ್ಣಿನ ಗೂಡು ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.